ಕೀಲಿಮಣೆ ನಿಮ್ಮ ಕೈಗೆ ಹೊಂದುತ್ತಾ?

ಮನೆಗೆಲಸ ಮುಗಿಸಿ ಕಂಪ್ಯೂಟರ್ ಮುಂದೆ ಕೂರುವ ಗೃಹಿಣಿಯರೇ, ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದೆಯೇ? ಟೈಪ್ ಮಾಡಿದ ಮೇಲೆ ಮಣಿಕಟ್ಟು, ಭುಜ ನೋಯುತ್ತದೆಯೇ? ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಾಗಬೇಡಿ. ನಿಮ್ಮ ಮೇಜು, ಕುರ್ಚಿ, ಕೀಬೋರ್ಡ್ ಮೂರನ್ನೂ ಒಮ್ಮೆ ನೋಡಿ.

ನಿಮ್ಮ ಮನೆಯಲ್ಲಿ ಎಷ್ಟು ಮಣೆಗಳಿವೆ ಅಂತ ಒಮ್ಮೆ ಲೆಕ್ಕ ಹಾಕಿ. ಚಪಾತಿ ಮಣೆ, ಕಾಯಿ ತುರಿಯುವ ಮಣೆ, ತರಕಾರಿ ಹೆಚ್ಚುವ ಈಳಿಗೆ ಮಣೆ, ಪೂಜೆಗೆ ಕೂರುವ ಮಣೆ, ಹಳೇ ಮನೆಯಾದರೆ ಅಟ್ಟದ ಮೇಲೊಂದು ಶಾವಿಗೆ ಮಣೆ... ಇವುಗಳಲ್ಲಿ ಒಂದನ್ನಾದರೂ ಕೈಯಿಟ್ಟು ನೋಡದೆ ತಂದಿದ್ದೀರಾ? ಖಂಡಿತ ಇಲ್ಲ. ತುರಿಯುವ ಮಣೆ ಅಲುಗಾಡುತ್ತಾ, ಚಪಾತಿ ಮಣೆ ಸಮತಟ್ಟಾಗಿದೆಯಾ ಎಂದು ನಾಲ್ಕು ಸಲ ತಿರುಗಿಸಿ ನೋಡಿ, ಅಂಗಡಿಯವನ ತಲೆ ತಿಂದೇ ತಂದಿರುತ್ತೀರಿ.

ಆದರೆ ದಿನಕ್ಕೆ ಮೂರು-ನಾಲ್ಕು ಗಂಟೆ ಬೆರಳಾಡಿಸುವ ಇನ್ನೊಂದು ಮಣೆ ಇದೆಯಲ್ಲ, ಕೀಲಿಮಣೆ, ಅದನ್ನು ಮಾತ್ರ ಯಾರೂ ಕೈಯಿಟ್ಟು ನೋಡುವುದಿಲ್ಲ! ಕಂಪ್ಯೂಟರ್ ಜತೆ ಡಬ್ಬದಲ್ಲಿ ಬಂದದ್ದು, ಇಲ್ಲವೇ ಮಗ ಹೊಸದು ತಗೊಂಡು ಅಮ್ಮನಿಗೆ ದಾಟಿಸಿದ ಹಳೆಯದು. ‘ಟೈಪ್ ಆಗುತ್ತಲ್ಲ, ಸಾಕು’ ಅಂತೀವಿ. ಅಲ್ಲೇ ಎಡವುವುದು.

ಹಾಲಿನ ಪಾತ್ರೆ ಜಾರಿದ ದಿನ

ನನ್ನ ಪರಿಚಯದ ಗೃಹಿಣಿಯೊಬ್ಬರು ಮೈಸೂರಿನಲ್ಲಿದ್ದಾರೆ. ಮದುವೆಗೆ ಮುಂಚೆ ಡಿಟಿಪಿ ಕಲಿತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಶುರು ಮಾಡಿದರು. ಪಿಎಚ್.ಡಿ. ಪ್ರಬಂಧ, ಲಗ್ನಪತ್ರಿಕೆ, ಸಂಘದ ವರದಿ ಹೀಗೆ ಒಂದಲ್ಲ ಒಂದು ಕೆಲಸ ಬರುತ್ತಿತ್ತು. ಸ್ವಂತ ಸಂಪಾದನೆಯ ಖುಷಿಯೇ ಬೇರೆ ಅಲ್ವೇ? ಮಗಳ ಕಾಲೇಜು ಫೀಸಿಗೆ ಅರ್ಧ ದುಡ್ಡು ತಾನೇ ಕೊಟ್ಟೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಕೆಲಸದ ಜಾಗ ಊಟದ ಮೇಜು. ಬೆಳಗಿನ ತಿಂಡಿ, ಡಬ್ಬಿ, ಪಾತ್ರೆ, ಬಟ್ಟೆ ಎಲ್ಲ ಮುಗಿಸಿ ಹನ್ನೊಂದಕ್ಕೆ ಕೂತರೆ ಎರಡು ಗಂಟೆಯವರೆಗೆ. ಮತ್ತೆ ರಾತ್ರಿ ಎಲ್ಲರೂ ಮಲಗಿದ ಮೇಲೆ. ಕೆಲವು ತಿಂಗಳಲ್ಲಿ ಬೆರಳ ತುದಿ ಚುಮುಚುಮು ಅನ್ನತೊಡಗಿತು. ನಡುರಾತ್ರಿ ಬಲಗೈ ಮರಗಟ್ಟಿ ಎಚ್ಚರ. ಕೈ ಕೊಡವಿದರೆ ಸರಿಹೋಗುತ್ತಿತ್ತು. ‘ಕೈ ಮೇಲೆ ಮಲಗಿದ್ದೆನೇನೋ’ ಎಂದುಕೊಂಡು ಮತ್ತೆ ನಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ‘ಟೈಪಿಂಗ್ ಬಿಟ್ಟುಬಿಡು’ ಅಂತಾರಲ್ಲ ಎಂಬ ಭಯ!

ಒಂದು ಬೆಳಿಗ್ಗೆ ಕಾದ ಹಾಲಿನ ಪಾತ್ರೆ ಇಕ್ಕಳದಲ್ಲಿ ಹಿಡಿದು ಇಳಿಸುವಾಗ ಕೈ ಸೋತು ಜಾರಿತು. ಕಾಲ ಮೇಲೆ ಅರ್ಧ ಲೀಟರ್ ಬಿಸಿ ಹಾಲು. ‘ನೋಡ್ಕೊಂಡು ಹಿಡಿಯೋಕೆ ಆಗಲ್ವಾ?’ ಅಂದರು ಯಜಮಾನರು. ‘ನಿಧಾನ ಕಣಮ್ಮಾ, ಏನು ಅವಸರ ನಿಂಗೆ’ ಅಂದರು ಅತ್ತೆ. ಅವಸರ ಏನೂ ಇರಲಿಲ್ಲ. ಹೆಬ್ಬೆರಳಿಗೆ ಹಿಡಿತವೇ ಇರಲಿಲ್ಲ. ಸುಟ್ಟ ಕಾಲಿಗೆ ಔಷಧಿ ಹಾಕಿಸಲು ಹೋದಾಗ ಕೈಯ ಮಾತು ಬಂತು. ಮೂಳೆ ಡಾಕ್ಟರ್ ಪರೀಕ್ಷೆ ಮಾಡಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು.

‘ಟೈಪಿಂಗ್ ಬಿಡಬೇಕಾ ಡಾಕ್ಟ್ರೇ?’ ಇವರ ಮೊದಲ ಪ್ರಶ್ನೆ ಅದೇ. ಡಾಕ್ಟರ್ ಕೇಳಿದ್ದು ಬೇರೆಯದೇ ಪ್ರಶ್ನೆ: ‘ಎಲ್ಲಿ ಕೂತು ಟೈಪ್ ಮಾಡ್ತೀರಿ? ಕೈ ಹೇಗಿಟ್ಟುಕೊಳ್ತೀರಿ, ತೋರಿಸಿ.’

ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ.

ಬೆರಳಿಗೆ ಜೋಮು ಯಾಕೆ?

ನಮ್ಮ ಮಣಿಕಟ್ಟಿನೊಳಗೆ ಒಂದು ಸಣ್ಣ ಸುರಂಗವಿದೆ. ಕೆಳಗೆ ಪುಟ್ಟ ಮೂಳೆಗಳ ಸಾಲು, ಮೇಲೆ ಗಟ್ಟಿ ಪಟ್ಟಿ. ಈ ಇಕ್ಕಟ್ಟಿನ ಜಾಗದಲ್ಲಿ ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳೂ, ಮೀಡಿಯನ್ ಎಂಬ ನರವೂ ಹಾದುಹೋಗುತ್ತವೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶದ ಅರಿವು ಕೊಡುವುದು ಈ ನರವೇ. ಸುರಂಗದೊಳಗೆ ಬಾವು ಬಂದರೆ, ಒತ್ತಡ ಹೆಚ್ಚಾದರೆ ನರ ನಲುಗುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು ಕಾಣಿಸುತ್ತದೆ.

ಹಾಗಾದರೆ ಎಲ್ಲಕ್ಕೂ ಕೀಬೋರ್ಡೇ ಕಾರಣವಾ? ಹಾಗನ್ನುವಂತಿಲ್ಲ. ಟೈಪಿಂಗ್ ಒಂದರಿಂದಲೇ ಈ ತೊಂದರೆ ಬರುತ್ತದೆಯೇ ಎಂಬ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಒಂದು ವಿಷಯ ಸ್ಪಷ್ಟ. ಮಣಿಕಟ್ಟನ್ನು ಮೇಲಕ್ಕೋ ಕೆಳಕ್ಕೋ ಬಗ್ಗಿಸಿದಾಗ ಆ ಸುರಂಗದೊಳಗಿನ ಒತ್ತಡ ಏರುತ್ತದೆ. ನೇರವಾಗಿಟ್ಟಾಗ ಇಳಿಯುತ್ತದೆ. ಗಂಟೆಗಟ್ಟಲೆ ಬಗ್ಗಿಸಿಟ್ಟರೆ ನರ, ಸ್ನಾಯು ಯಾವುದಕ್ಕೂ ಒಳ್ಳೆಯದಲ್ಲ.

ಇನ್ನೊಂದು ಮಾತು. ಆಫೀಸಿನವರ ಕೈ ಬೆಳಿಗ್ಗೆ ಕೀಬೋರ್ಡಿಗೆ ಬರುವಾಗ ವಿಶ್ರಾಂತಿ ಪಡೆದೇ ಬಂದಿರುತ್ತದೆ. ನಮ್ಮದು? ಹಿಟ್ಟು ನಾದಿ, ಚಪಾತಿ ಲಟ್ಟಿಸಿ, ಕಾಯಿ ತುರಿದು, ನೆಲ ಒರೆಸುವ ಬಟ್ಟೆ ಹಿಂಡಿ, ಕುಕ್ಕರ್ ಉಜ್ಜಿ ಆಮೇಲೆ ಬಂದಿರುತ್ತದೆ! ಮಣಿಕಟ್ಟು ಅರ್ಧ ದಿನದ ಡ್ಯೂಟಿ ಮುಗಿಸಿರುತ್ತದೆ. ಹಾಗಾಗಿ ಕೈಗೆ ಹೊಂದುವ ಕೀಬೋರ್ಡ್ ಆಫೀಸಿನವರ ಶೋಕಿ ಅಂದುಕೊಳ್ಳಬೇಡಿ. ಅವರಿಗಿಂತ ನಮಗೇ ಅದು ಹೆಚ್ಚು ಬೇಕು.

ಮೊದಲು ಟೇಪು ತನ್ನಿ, ಆಮೇಲೆ ದುಡ್ಡು

ಅರ್ಗೊನಾಮಿಕ್ ಕೀಬೋರ್ಡ್ ಎಂದರೆ ದೇಹದ ಸಹಜ ಭಂಗಿಗೆ ಹೊಂದುವಂತೆ ಮಾಡಿದ ಕೀಬೋರ್ಡ್. ಅಂಗಡಿಯಲ್ಲಿ ಹಲವು ಸಾವಿರ ರೂಪಾಯಿಯ ನಮೂನೆಗಳೂ ಇವೆ. ಆದರೆ ಎಷ್ಟೇ ದುಬಾರಿಯದು ತಂದರೂ ಮೇಜು ಎತ್ತರವಾಗಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಪರ್ಸ್ ತೆಗೆಯುವ ಮುಂಚೆ ಹೊಲಿಗೆ ಡಬ್ಬದಿಂದ ಟೇಪು ತೆಗೆಯಿರಿ.

ನೀವು ಕೂರುವ ಕುರ್ಚಿಯಲ್ಲಿ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಕೂತುಕೊಳ್ಳಿ. ಭುಜ ಸಡಿಲ ಬಿಡಿ. ಮೊಣಕೈ ಪಕ್ಕೆಗೆ ತಾಗಿಸಿ ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಮುಂದೆ ಚಾಚಿ. ನೆಲದಿಂದ ಮೊಣಕೈವರೆಗೆ ಎಷ್ಟು ಇಂಚು? ಮಗಳ ಹತ್ತಿರ ಅಳೆಸಿ. ಕೀಬೋರ್ಡಿನ ಕೀಲಿಗಳು ಆ ಎತ್ತರಕ್ಕೆ ಸಮನಾಗಿ, ಇಲ್ಲವೇ ಸ್ವಲ್ಪ ಕೆಳಗೆ ಇರಬೇಕು. ಸೂತ್ರ ಇಷ್ಟೇ.

ಈಗ ಊಟದ ಮೇಜು ಅಳೆಯಿರಿ. ಸಾಮಾನ್ಯವಾಗಿ 29-30 ಇಂಚು ಇರುತ್ತದೆ. ಐದಡಿ ಎರಡಂಗುಲದ ಹೆಂಗಸು ಸಾಧಾರಣ ಕುರ್ಚಿಯಲ್ಲಿ ಕೂತರೆ ಮೊಣಕೈ 25-26 ಇಂಚಿನ ಆಸುಪಾಸು ಬರುತ್ತದೆ. ಅಂದರೆ ಮೂರು-ನಾಲ್ಕು ಇಂಚು ವ್ಯತ್ಯಾಸ! ಅದನ್ನು ಸರಿದೂಗಿಸಲು ನಾವು ಭುಜ ಎತ್ತುತ್ತೇವೆ, ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತುತ್ತೇವೆ. ಕತ್ತು ನೋವು, ಭುಜ ನೋವು, ಬೆರಳು ಜೋಮು ಎಲ್ಲ ಒಟ್ಟಿಗೇ ಬರುತ್ತವೆ.

ಮೇಜಿನ ಕಾಲು ಕತ್ತರಿಸೋಕಾಗುತ್ತಾ ಅಂತೀರಾ? ಬೇಡ. ನೀವು ಮೇಲೇರಿ. ಕುರ್ಚಿಯ ಮೇಲೆ ಗಟ್ಟಿ ದಿಂಬು ಅಥವಾ ಮಡಚಿದ ಜಮಖಾನ ಹಾಕಿ ಕೂತುಕೊಳ್ಳಿ. ಆಗ ಪಾದ ನೆಲ ಬಿಟ್ಟು ತೂಗಾಡುತ್ತದೆ. ಕಾಲಡಿಗೆ ಒಂದು ಮಣೆ ಇಡಿ. ಮೈಸೂರಿನ ಆ ಗೃಹಿಣಿ ಮಾಡಿದ್ದೂ ಇದನ್ನೇ. ಅಟ್ಟದ ಮೇಲಿದ್ದ ಹಳೇ ಊಟದ ಮಣೆ ಇಳಿದು ಬಂತು. ಖರ್ಚು ಸೊನ್ನೆ.

ಲ್ಯಾಪ್‌ಟಾಪ್ ಬಳಸುವವರಿಗೆ ಇನ್ನೊಂದು ಪೇಚು. ಅದರಲ್ಲಿ ಪರದೆ, ಕೀಲಿ ಎರಡೂ ಅಂಟಿಕೊಂಡೇ ಇರುತ್ತವೆ. ಕೈಗೆ ಸರಿ ಇಟ್ಟರೆ ಕತ್ತು ಬಗ್ಗುತ್ತದೆ, ಕತ್ತಿಗೆ ಸರಿ ಇಟ್ಟರೆ ಕೈ ಎತ್ತಬೇಕು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಟೈಪ್ ಮಾಡುವವರು ಬೇರೆ ಕೀಬೋರ್ಡ್, ಮೌಸ್ ಜೋಡಿಸಿಕೊಳ್ಳಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ. ಐನೂರು-ಆರುನೂರು ರೂಪಾಯಿಯ ಸಾದಾ ಕೀಬೋರ್ಡ್ ಕೂಡ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ಹಾಸಿಗೆ ಮೇಲೆ ಕೂತು ತೊಡೆ ಮೇಲಿಟ್ಟುಕೊಂಡು ಟೈಪ್ ಮಾಡುವ ಅಭ್ಯಾಸವನ್ನಂತೂ ಬಿಟ್ಟುಬಿಡಿ.

ಹಿಂದಿನ ಕಾಲು ಮಡಚಿ

ಈಗಲೇ ಎದ್ದು ಹೋಗಿ ನಿಮ್ಮ ಕೀಬೋರ್ಡ್ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿರುತ್ತವೆ. ಅವನ್ನು ಬಿಚ್ಚಿ ಕೀಬೋರ್ಡನ್ನು ಇಳಿಜಾರಾಗಿಸುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಮಾಡಿದರೆ ಕೀಲಿಯ ಅಕ್ಷರ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಬೆರಳು ಮೇಲಕ್ಕೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ನಮಗೆ ಬೇಡವಾದದ್ದೇ ಅದು!

ಆ ಕಾಲುಗಳನ್ನು ಮಡಚಿಬಿಡಿ. ಕೀಬೋರ್ಡ್ ಚಪ್ಪಟೆಯಾಗಿರಲಿ. ಇನ್ನೂ ಒಳ್ಳೆಯದೆಂದರೆ ನಿಮ್ಮ ಕಡೆಯ ಅಂಚು ಸ್ವಲ್ಪ ಎತ್ತರ, ಆಚೆಯ ಅಂಚು ತಗ್ಗು. ಕೆಲವು ಅರ್ಗೊನಾಮಿಕ್ ಕೀಬೋರ್ಡುಗಳಲ್ಲಿ ಈ ಕಾರಣಕ್ಕೇ ಕಾಲುಗಳು ಮುಂಭಾಗದಲ್ಲಿರುತ್ತವೆ. ಅಂಗಡಿಯವನು ‘ಮೇಡಂ, ಉಲ್ಟಾ ಇಟ್ಟಿದ್ದೀರಿ’ ಎಂದರೆ ನಕ್ಕು ಸುಮ್ಮನಿರಿ.

ಯಾರಿಗೆ ಎಂಥ ಕೀಬೋರ್ಡ್?

ಕೀಲಿಗಳ ಸಾಲು ಓರೆಯಾಗಿ ಜರುಗಿರುವುದು ಯಾಕೆ ಗೊತ್ತೇ? ಅದು 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪೆನಿ ಮಾರುಕಟ್ಟೆಗೆ ತಂದ ಟೈಪ್‌ರೈಟರಿನ ಬಳುವಳಿ. ಒಂದೊಂದು ಕೀಲಿಯ ಕೆಳಗೂ ಒಂದು ಕಬ್ಬಿಣದ ಸನ್ನೆ. ಒಂದಕ್ಕೊಂದು ತಾಗದಿರಲಿ ಎಂದು ಸಾಲುಗಳನ್ನು ಜರುಗಿಸಿದರು. ಈಗ ಸನ್ನೆಯೂ ಇಲ್ಲ, ಟೈಪ್‌ರೈಟರೂ ಇಲ್ಲ. ಓರೆ ಮಾತ್ರ ಉಳಿದುಕೊಂಡಿದೆ! ಎರಡು ಕೈಗೂ ಬೇರೆ ಬೇರೆ ಜಾಗ ಇರಬೇಕು, ಕೀಲಿಮಣೆಯನ್ನು ನಡುವೆ ಸೀಳಬೇಕು ಎಂದು ಜರ್ಮನಿಯ ಕ್ಲಾಕೆನ್‌ಬರ್ಗ್ 1926ರಲ್ಲೇ ಬರೆದಿದ್ದರು. ಅಂಥ ಕೀಬೋರ್ಡ್ ಮನೆಮನೆಗೆ ಪರಿಚಯವಾಗಿದ್ದು 1994ರಲ್ಲಿ ಮೈಕ್ರೋಸಾಫ್ಟ್ ‘ನ್ಯಾಚುರಲ್ ಕೀಬೋರ್ಡ್’ ತಂದ ಮೇಲೆ.

ಈಗ ಸಿಗುವ ಮುಖ್ಯ ಬಗೆಗಳು ಇವು:

* ಚಿಕ್ಕ ಕೀಬೋರ್ಡ್: ಬಲಬದಿಯ ಅಂಕಿಗಳ ಗುಂಪು ಇಲ್ಲದ್ದು. ಪೂರ್ಣ ಕೀಬೋರ್ಡ್ 17-18 ಇಂಚು ಉದ್ದವಿದ್ದರೆ ಇದು ಸುಮಾರು 14 ಇಂಚು. ಮೌಸ್ ಹತ್ತಿರ ಬರುತ್ತದೆ, ಬಲಭುಜ ಚಾಚುವುದು ತಪ್ಪುತ್ತದೆ. ಬಲಭುಜ ಮಾತ್ರ ನೋಯುವವರು ಮೊದಲು ಇದನ್ನೇ ನೋಡಿ. ಲೆಕ್ಕಪತ್ರ ಬರೆಯುವವರಿಗೆ ಅಂಕಿ ಬೇಕೇ ಬೇಕಲ್ಲ? ಅಂಕಿಗಳ ಪ್ಯಾಡ್ ಬೇರೆಯಾಗಿಯೇ ಸಿಗುತ್ತದೆ. ಬೇಡದಾಗ ಪಕ್ಕಕ್ಕಿಡಬಹುದು.

* ಅಲೆಯಾಕಾರದ್ದು: ಕೀಲಿಗಳು ಒಟ್ಟಿಗೇ ಇದ್ದು ನಡುವೆ ಸ್ವಲ್ಪ ಉಬ್ಬು, ಬಾಗು. ಲಾಜಿಟೆಕ್ ಕಂಪೆನಿ 2023ರಲ್ಲಿ ತಂದ ‘ವೇವ್ ಕೀಸ್’ ಈ ಜಾತಿಯದು. ಅಭ್ಯಾಸ ಬದಲಿಸಲು ಹೆದರುವವರಿಗೆ ಇದು ಸುಲಭ.

* ನಡುವೆ ಸೀಳಿದ್ದು: ಎಡಗೈ, ಬಲಗೈ ಕೀಲಿಗಳು ಬೇರೆಯಾಗಿ, ಓರೆಯಾಗಿ, ನಡುಭಾಗ ಗುಡ್ಡದಂತೆ ಎದ್ದಿರುತ್ತದೆ. ಮಣಿಕಟ್ಟು ಕಿರುಬೆರಳ ಕಡೆಗೆ ವಾಲುವುದು ತಪ್ಪುತ್ತದೆ. ಲಾಜಿಟೆಕ್‌ನ ‘ಅರ್ಗೊ ಕೆ860’ (2020) ಇಂಥದ್ದು. ಮೈಕ್ರೋಸಾಫ್ಟ್ ತನ್ನ ಹೆಸರಿನ ಕೀಬೋರ್ಡುಗಳಿಗೆ 2023ರಲ್ಲಿ ವಿದಾಯ ಹೇಳಿತು. ಅಂಗಡಿಯಲ್ಲಿ ಹಳೇ ದಾಸ್ತಾನು ಕೊಟ್ಟರೆ ವಾರಂಟಿ ಯಾರು ಕೊಡ್ತಾರೆ ಎಂದು ಕೇಳಿಯೇ ಕೊಳ್ಳಿ.

* ಪೂರ್ತಿ ಎರಡು ತುಂಡು: ಎರಡು ಭಾಗವನ್ನೂ ಭುಜದಗಲಕ್ಕೆ ದೂರ ಇಡಬಹುದು. ಎದೆ, ಭುಜ ಅಗಲವಾಗಿ ತೆರೆದುಕೊಳ್ಳುತ್ತದೆ. ಬೆಲೆ ಜಾಸ್ತಿ, ಕಲಿಕೆಯೂ ಜಾಸ್ತಿ. ದಿನವಿಡೀ ಟೈಪಿಂಗೇ ಕಸುಬಾದವರಿಗೆ ಮಾತ್ರ.

ಒಂದು ಪ್ರಾಮಾಣಿಕ ಮಾತು. ನೀವು ನೋಡಿಕೊಂಡು ಎರಡೇ ಬೆರಳಲ್ಲಿ ಕುಟ್ಟುವವರಾದರೆ ಸೀಳಿದ ಕೀಬೋರ್ಡಿಗೆ ದುಡ್ಡು ಸುರಿಯಬೇಡಿ. ಹತ್ತೂ ಬೆರಳಲ್ಲಿ ಟೈಪ್ ಮಾಡುವವರಿಗೇ ಅದರ ಲಾಭ. ನಿಮಗೆ ಸಾದಾ ಚಿಕ್ಕ ಕೀಬೋರ್ಡ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಕುರ್ಚಿ ತಗೊಳ್ಳಿ. ಹತ್ತು ಬೆರಳಿನವರೂ ‘ಬಿ’ ಕೀಲಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಿ. ಹೆಚ್ಚಿನ ಸೀಳು ಕೀಬೋರ್ಡುಗಳಲ್ಲಿ ಅದು ಎಡಗೈ ಪಾಲು. ಬಲಗೈಯಲ್ಲಿ ಒತ್ತಿ ರೂಢಿಯಾದವರಿಗೆ ಮೊದಲ ವಾರ ಬೆರಳು ಬರೀ ಮೇಜು ಕುಟ್ಟುತ್ತದೆ!

ಖಾರಾಭಾತಿಗೆ ಐದು ಸಲ ಶಿಫ್ಟ್!

ಕೀಬೋರ್ಡ್ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಸಲಹೆಗಳಲ್ಲಿ ಒಂದು ವಿಷಯ ಇರುವುದೇ ಇಲ್ಲ. ಕನ್ನಡ ಟೈಪ್ ಮಾಡುವವರ ಕಿರುಬೆರಳ ಕಷ್ಟ.

ನಮ್ಮಲ್ಲಿ ಹಲವರು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ನುಡಿ ತಂತ್ರಾಂಶದಲ್ಲಿರುವುದೂ ಅದೇ ಮಾದರಿ. ಅದರಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿ. ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್. ‘ಉಪ್ಪಿಟ್ಟು’ ಎಂದು ಟೈಪ್ ಮಾಡಿ ನೋಡಿ. ಒಂಬತ್ತು ಕೀಲಿ, ಶಿಫ್ಟ್ ಒಂದು ಸಲವೂ ಬೇಡ. ಅದನ್ನೇ ಸ್ವಲ್ಪ ಮಸಾಲೆ ಹಾಕಿ ‘ಖಾರಾಭಾತ್’ ಮಾಡಿ. ಎಂಟೇ ಕೀಲಿ, ಅದರಲ್ಲಿ ಐದಕ್ಕೆ ಶಿಫ್ಟ್ ಒತ್ತಬೇಕು! ಒಂದು ಪುಟ ಕನ್ನಡ ಟೈಪ್ ಮಾಡುವಷ್ಟರಲ್ಲಿ ಕಿರುಬೆರಳು ಎಷ್ಟು ಸಲ ಚಾಚಿ ಒತ್ತುತ್ತದೆ, ನೀವೇ ಊಹಿಸಿ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೂ ಶಿಫ್ಟ್ ತಪ್ಪಿದ್ದಲ್ಲ.

ಹಾಗಾಗಿ ಕನ್ನಡ ಟೈಪ್ ಮಾಡುವವರು ಇವನ್ನು ಗಮನಿಸಿ:

* ಶಿಫ್ಟ್ ಕೀಲಿ ಎರಡೂ ಬದಿಗೆ ಉದ್ದವಾಗಿರಲಿ. ಕೆಲವು ಪುಟ್ಟ ಕೀಬೋರ್ಡುಗಳಲ್ಲಿ ಬಲಗಡೆಯ ಶಿಫ್ಟ್ ಬೆರಳುಗುರಿನಷ್ಟೇ ಇರುತ್ತದೆ. ಅಂಥದ್ದು ಬೇಡ.

* ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆ ಶಿಫ್ಟ್ ಒತ್ತಿ. ಒಂದೇ ಕೈಯಲ್ಲಿ ಎರಡೂ ಒತ್ತಲು ಹೋದರೆ ಬೆರಳುಗಳು ಜೇಡದಂತೆ ಅಗಲಿ, ಮಣಿಕಟ್ಟು ತಿರುಚುತ್ತದೆ.

* ಕಿರುಬೆರಳು ಆಗಲೇ ನೋಯುತ್ತಿದ್ದರೆ ವಿಂಡೋಸ್‌ನಲ್ಲಿ ‘ಸ್ಟಿಕ್ಕಿ ಕೀಸ್’ ಎಂಬ ಸೌಲಭ್ಯವಿದೆ. ಶಿಫ್ಟ್ ಕೀಲಿಯನ್ನು ಸತತವಾಗಿ ಐದು ಸಲ ಒತ್ತಿದರೆ ‘ಬೇಕಾ?’ ಎಂದು ಕೇಳುತ್ತದೆ. ಹೂಂ ಎಂದರೆ ಆಯಿತು. ಆಮೇಲೆ ಶಿಫ್ಟ್ ಹಿಡಿದುಕೊಂಡೇ ಇರಬೇಕಿಲ್ಲ. ಒಮ್ಮೆ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ.

* ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡ್ ಕೊಳ್ಳುವಾಗ ಎಚ್ಚರ. ಅವುಗಳ ಮೇಲಿರುವುದು ಸಾಮಾನ್ಯವಾಗಿ ಇನ್‌ಸ್ಕ್ರಿಪ್ಟ್ ವಿನ್ಯಾಸ. ನೀವು ನುಡಿಯಲ್ಲಿ ಕಲಿತವರಾದರೆ ಅಕ್ಷರ ಒಂದು, ಮೂಡುವುದು ಇನ್ನೊಂದು!

ಅಂಗಡಿಗೆ ಹೋದಾಗ

ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ, ಬೇರೆ ಊರಿನವರು ನಿಮ್ಮ ಊರಿನ ದೊಡ್ಡ ಕಂಪ್ಯೂಟರ್ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಚಿತ್ರ ನೋಡಿ ಸೀರೆ ಕೊಳ್ಳುವುದಕ್ಕೂ ಮುಟ್ಟಿ ನೋಡಿ ಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹೇಳಿಕೊಡಬೇಕಿಲ್ಲ.

* ನಿಂತು ನೋಡಬೇಡಿ. ಒಂದು ಸ್ಟೂಲ್ ಕೇಳಿ ಪಡೆದು, ಕೂತು ಟೈಪ್ ಮಾಡಿ. ಗಲ್ಲಾಪೆಟ್ಟಿಗೆ ಮೇಲಿಟ್ಟರೆ ಯಾವ ಕೀಬೋರ್ಡೂ ಎತ್ತರವೇ.

* ಕನಿಷ್ಠ ಐದು ನಿಮಿಷ ಟೈಪ್ ಮಾಡಿ. ಮನೆಯವರ ಹೆಸರು, ವಿಳಾಸ, ದಿನಸಿ ಪಟ್ಟಿ ಏನಾದರೂ ಸರಿ. ‘ಬೇಗ ಮೇಡಂ’ ಎಂದರೆ ಬೇರೆ ಅಂಗಡಿ ಇದ್ದೇ ಇದೆ.

* ಕೀಲಿ ಹಗುರವಾಗಿ ಇಳಿಯಬೇಕು, ಆದರೆ ಒತ್ತಿದ್ದು ಬೆರಳಿಗೆ ತಿಳಿಯಬೇಕು. ಗಟ್ಟಿ ಕೀಲಿಯನ್ನು ಕುಟ್ಟಿ ಕುಟ್ಟಿ ಬೆರಳು ಬಳಲುತ್ತದೆ.

* ‘ಮೆಕ್ಯಾನಿಕಲ್’ ಎಂಬ ದಪ್ಪ ಕೀಬೋರ್ಡುಗಳು ಹುಡುಗರಿಗೆ ಇಷ್ಟ. ಒತ್ತುವ ಸುಖ ಚೆನ್ನಾಗಿದೆ. ಆದರೆ ಎತ್ತರ ಜಾಸ್ತಿ, ಹಾಗಾಗಿ ಅಂಗೈಗೆ ಆಸರೆ ಬೇಕು. ಕೆಲವು ಟಕಟಕ ಸದ್ದೂ ಮಾಡುತ್ತವೆ. ರಾತ್ರಿ ಮಗು ಮಲಗಿದಾಗ ಕೆಲಸ ಮಾಡುವವರು ಸದ್ದಿಲ್ಲದ್ದನ್ನೇ ಆರಿಸಿ.

* ಅಂಗೈ ಆಸರೆಯ ದಿಂಬು ಕೀಬೋರ್ಡಿನ ಮುಂದಿನ ಅಂಚಿಗಿಂತ ಎತ್ತರ ಇರಬಾರದು. ಅದರ ಮೇಲೆ ಊರಬೇಕಾದ್ದು ಅಂಗೈಯ ಬುಡ, ಮಣಿಕಟ್ಟಲ್ಲ. ಅದೂ ಟೈಪ್ ಮಾಡುವುದನ್ನು ನಿಲ್ಲಿಸಿದಾಗ ಮಾತ್ರ. ಟೈಪ್ ಮಾಡುವಾಗ ಕೈ ತೇಲುತ್ತಿರಲಿ. ದಿಂಬು ಕೊಳ್ಳಲೇಬೇಕೆಂದಿಲ್ಲ, ಹಳೇ ಟವೆಲ್ ಬಿಗಿಯಾಗಿ ಸುತ್ತಿದರೂ ನಡೆಯುತ್ತದೆ.

* ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡುವ ಅವಕಾಶ ಎಷ್ಟು ದಿನ ಇದೆ ನೋಡಿ. ಡಬ್ಬ ಹರಿಯದೆ ಬಿಚ್ಚಿ, ಇಟ್ಟುಕೊಳ್ಳಿ.

ತಂದ ಮೊದಲ ತಿಂಗಳು

ಹೊಸ ಚಪ್ಪಲಿಯೂ ಮೊದಲ ವಾರ ಕಚ್ಚುತ್ತದಲ್ಲವೇ? ಇದೂ ಹಾಗೇ. ಸೀಳಿದ ಕೀಬೋರ್ಡಿನಲ್ಲಿ ಮೊದಲು ವೇಗ ಇಳಿಯುತ್ತದೆ, ತಪ್ಪು ಹೆಚ್ಚುತ್ತದೆ. ನಾಳೆಯೇ ಕೊಡಬೇಕಾದ ಕೆಲಸ ಕೈಯಲ್ಲಿರುವಾಗ ಬದಲಿಸಬೇಡಿ. ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ.

ಫಲಿತಾಂಶಕ್ಕೂ ತಾಳ್ಮೆ ಬೇಕು. ಕೈನೋವಿದ್ದ 80 ಕಂಪ್ಯೂಟರ್ ಬಳಕೆದಾರರಿಗೆ ನಾಲ್ಕು ಬಗೆಯ ಕೀಬೋರ್ಡ್ ಕೊಟ್ಟು ಆರು ತಿಂಗಳು ಗಮನಿಸಿದ ಅಧ್ಯಯನವೊಂದು ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾಯಿತು. ಸೀಳಿದ ಕೀಬೋರ್ಡಿನ ಒಂದು ಬಗೆಯನ್ನು ಬಳಸಿದವರಲ್ಲಿ ನೋವು ಇಳಿಯಿತು. ಆದರೆ ಎಲ್ಲ ಬಗೆಗಳೂ ಅಷ್ಟೇ ಫಲ ಕೊಡಲಿಲ್ಲ, ಫಲ ಕಂಡದ್ದೂ ಕೆಲವು ತಿಂಗಳ ನಂತರ. ಎರಡು ದಿನಕ್ಕೇ ‘ಇದರಿಂದ ಏನೂ ಆಗಲಿಲ್ಲ’ ಎಂದು ಅಟ್ಟಕ್ಕೆ ಹಾಕಬೇಡಿ.

ಜತೆಗೆ ಈ ಸಣ್ಣ ಅಭ್ಯಾಸಗಳಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ, ಭುಜ ತಿರುಗಿಸಿ. ಅಲಾರಾಂ ಬೇಡ, ಒಲೆ ಮೇಲೆ ಬೇಳೆ ಇಟ್ಟು ಕೂತರೆ ಕುಕ್ಕರೇ ಎಬ್ಬಿಸುತ್ತದೆ! ಬಟ್ಟೆ ಹಿಂಡಿದ ಕೂಡಲೇ ಟೈಪಿಂಗಿಗೆ ಕೂರಬೇಡಿ, ನಡುವೆ ಹತ್ತು ನಿಮಿಷ ಕೈಗೆ ಬಿಡುವು ಕೊಡಿ. ಬಿಗಿ ಬಳೆ, ವಾಚು ತೆಗೆದಿಟ್ಟು ಕೂತುಕೊಳ್ಳಿ. ಉದ್ದನೆಯ ಸಂದೇಶಗಳನ್ನು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಕುಟ್ಟುವ ಬದಲು ಮಾತಾಡಿ ಬರೆಸಿ. ಗೂಗಲ್‌ನ ಧ್ವನಿ ಟೈಪಿಂಗ್ ಸೌಲಭ್ಯ 2017ರಿಂದಲೇ ಕನ್ನಡಕ್ಕೂ ಇದೆ.

ಡಾಕ್ಟರ ಬಳಿ ಯಾವಾಗ?

ಕೀಬೋರ್ಡ್ ಔಷಧಿಯಲ್ಲ. ಇದನ್ನು ಮಾತ್ರ ಮರೆಯಬೇಡಿ. ಈ ಲಕ್ಷಣಗಳಿದ್ದರೆ ಮೊದಲು ಡಾಕ್ಟರ್, ಆಮೇಲೆ ಅಂಗಡಿ:

* ರಾತ್ರಿ ಕೈ ಜೋಮು ಹಿಡಿದು ಪದೇ ಪದೇ ಎಚ್ಚರವಾಗುವುದು.
* ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಸ್ಪರ್ಶವೇ ತಿಳಿಯದಿರುವುದು.
* ಸೂಜಿಗೆ ದಾರ ಪೋಣಿಸಲು, ರವಿಕೆ ಹುಕ್ಕು ಹಾಕಲು ಕಷ್ಟವಾಗುವುದು. ಲೋಟ, ಪಾತ್ರೆ ಕೈಜಾರುವುದು.
* ಹೆಬ್ಬೆರಳ ಬುಡದ ದಪ್ಪ ಮಾಂಸಖಂಡ ಸೊರಗಿದಂತೆ ಕಾಣುವುದು.
* ಕತ್ತಿನಿಂದ ಕೈವರೆಗೆ ಎಳೆಯುವ ನೋವು, ಅಥವಾ ಕಿರುಬೆರಳು ಮಾತ್ರ ಜೋಮು ಹಿಡಿಯುವುದು. ಇದಕ್ಕೆ ಬೇರೆ ಕಾರಣವಿರಬಹುದು.

ನರದ ಪರೀಕ್ಷೆ ಬೇಕೇ, ಥೈರಾಯ್ಡ್-ಸಕ್ಕರೆ ನೋಡಬೇಕೇ ಎಂದು ಅವರು ಹೇಳುತ್ತಾರೆ. ಬೇಗ ಹೋದರೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಸ್ಪ್ಲಿಂಟ್ ಎಂಬ ಪಟ್ಟಿಯಲ್ಲೇ ಹಲವರಿಗೆ ಗುಣ ಕಾಣುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟರೆ ನರಕ್ಕೆ ಶಾಶ್ವತ ಹಾನಿಯಾಗಬಹುದು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.

ಮೈಸೂರಿನ ಆ ಗೃಹಿಣಿಗೆ ಥೈರಾಯ್ಡ್ ಕಡಿಮೆ ಇರುವುದೂ ಆಗಲೇ ಗೊತ್ತಾಯಿತು. ಮಾತ್ರೆ, ರಾತ್ರಿಗೆ ಪಟ್ಟಿ, ಕುರ್ಚಿಗೆ ದಿಂಬು, ಕಾಲಿಗೆ ಮಣೆ. ಎಲ್ಲ ಆದ ಮೇಲೆ ಕೊನೆಯಲ್ಲಿ ಬಂತು ಸೀಳಿದ ಕೀಬೋರ್ಡ್. ಅದಕ್ಕೆ ಎರಡು ಪ್ರಬಂಧದ ಸಂಪಾದನೆ ಖರ್ಚಾಯಿತಂತೆ. ‘ಅಷ್ಟು ದುಡ್ಡು ಕೊಟ್ಟು ಬೋರ್ಡಾ?’ ಎಂದು ಮನೆಯಲ್ಲಿ ಗೊಣಗಿದ್ದೂ ಆಯಿತು. ‘ಮಿಕ್ಸಿ ಕೆಟ್ಟಾಗ ಒಂದು ಮಾತೂ ಆಡದೆ ಹೊಸದು ತಂದ್ರಲ್ಲ. ನನ್ನ ಕೈ ಕೆಟ್ಟರೆ ಎಲ್ಲಿ ಸಿಗುತ್ತೆ?’ ಎಂದರಂತೆ ಇವರು. ಎದುರುತ್ತರ ಬರಲಿಲ್ಲ.

ಈಗ ಮೊದಲಿನಷ್ಟು ಹೊತ್ತು ಟೈಪ್ ಮಾಡುವುದಿಲ್ಲ. ರಾತ್ರಿ ಕೆಲಸ ಪೂರ್ತಿ ಬಿಟ್ಟಿದ್ದಾರೆ. ಆದರೆ ಟೈಪಿಂಗ್ ಬಿಟ್ಟಿಲ್ಲ. ಹಾಲಿನ ಪಾತ್ರೆಯನ್ನು ಅವರೇ ಇಳಿಸುತ್ತಾರೆ.

ಗಂಡನ ಬೆನ್ನುನೋವಿಗೆ ಹಾಸಿಗೆ ಬದಲಿಸುತ್ತೇವೆ. ಮಗನ ಕಣ್ಣಿಗೆ ಕನ್ನಡಕ, ಅತ್ತೆಯ ಮಂಡಿಗೆ ಎಣ್ಣೆ ಎಲ್ಲ ನೆನಪಿಟ್ಟು ತರುತ್ತೇವೆ. ನಮ್ಮ ಕೈಯ ಸರದಿ ಬಂದಾಗ ಮಾತ್ರ ‘ಆಮೇಲೆ ನೋಡೋಣ’. ಇವತ್ತು ಪೇಪರ್ ಮಡಚಿಟ್ಟ ಮೇಲೆ ಎರಡು ಕೆಲಸ ಮಾಡಿ. ಕೀಬೋರ್ಡಿನ ಹಿಂದಿನ ಕಾಲು ಮಡಚಿ. ಟೇಪು ತಂದು ನೆಲದಿಂದ ಮೊಣಕೈವರೆಗೆ ಅಳೆಯಿರಿ. ಹೊಸ ಕೀಲಿಮಣೆ ಬೇಕೋ, ಇಲ್ಲಾ ಕಾಲಡಿಗೊಂದು ಹಳೇ ಮಣೆಯೇ ಸಾಕೋ ಎಂದು ಆ ಟೇಪೇ ಹೇಳುತ್ತದೆ.